ಪುಟ್ಟತಾಯಮ್ಮನ ಹೆಬ್ಬೆಟ್ಟು ಮ್ಯೂನಿಕ್ಕಿನಲ್ಲಿ ಮೂಡಿದ್ದು

ಹಲಗೂರು

ಹಲಗೂರು ಬಸ್‌ಸ್ಟಾಪಿನಲ್ಲಿ ಯಾರಾದರೂ "ಜರ್ಮನಿ ಎಂಗಿತ್ತಮ್ಮಿ?" ಎಂದು ಕೇಳಿದರೆ ನಾನು ಮೊದಲು ಕೂದಲು ಹಿಂದಕ್ಕೆ ಹಾಕಿಕೊಳ್ಳುತ್ತೇನೆ. ಆಮೇಲೆ ಸ್ವಲ್ಪ ಹೊತ್ತು ಆಕಾಶ ನೋಡುತ್ತೇನೆ. ಆಮೇಲೆ "ಪರವಾಗಿಲ್ಲ, ಚೆನ್ನಾಗೇ ಇಟ್ಕೊಂಡಿದ್ದಾರೆ" ಎನ್ನುತ್ತೇನೆ. ಅಷ್ಟರಲ್ಲಿ ಮಳವಳ್ಳಿ ಬಸ್ಸು ಬಂದುಬಿಡುತ್ತದೆ. ಕೇಳಿದವರು ಸೀಟು ಹಿಡಿಯಲು ಓಡಿಬಿಡುತ್ತಾರೆ. ಮುಖ್ಯವಾದ ಕಥೆ ನನ್ನ ಹೊಟ್ಟೆಯಲ್ಲೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನೀವು ಸೀಟು ಹಿಡಿದು, ಕೂತೇ ಓದಿ.

ಹೋದದ್ದು ನಾನು ಮತ್ತು ನನ್ನಮ್ಮನ ತಾಯಿ ಪುಟ್ಟತಾಯಮ್ಮ. ಹೋದದ್ದು ಯಾಕೆಂದರೆ ಭಾಗ್ಯ ಚಿಕ್ಕಮ್ಮ ಅಲ್ಲಿದ್ದಾಳೆ. ಅಜ್ಜಿಯ ಕಿರಿಮಗಳು. ಮೈಸೂರಿನಲ್ಲಿ ಚಿತ್ರಕಲೆ ಓದಿ, ಮ್ಯೂನಿಕ್ ಎಂಬ ಊರಿನ ಒಂದು ಅಚ್ಚಿನ ಮನೆಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿ ಚಿತ್ರಗಳನ್ನು ಕಲ್ಲಿನಿಂದ ಅಚ್ಚು ಹಾಕುತ್ತಾರೆ. ಕಂಪ್ಯೂಟರ್ ಇಲ್ಲ, ಕರೆಂಟೂ ಬೇಕಿಲ್ಲ. ಒಂದು ಕಲ್ಲು, ಒಂದು ಚಕ್ರ, ಎರಡು ತೋಳು.

"ಕಲ್ಲು ಉಜ್ಜಕ್ಕೆ ಇಮಾನ ಅತ್ತಬೇಕಾ?" ಎನ್ನುವುದು ಅಜ್ಜಿಯ ಹಳೇ ಪ್ರಶ್ನೆ. "ನಮ್ಮನೇಲಿ ರುಬ್ಬೋ ಕಲ್ಲು ಇರ್ನಿಲ್ವಾ?"

ಈ ಬೇಸಿಗೆಗೆ ಚಿಕ್ಕಮ್ಮನ ಕೆಲಸದ ಕರಾರು ಮುಗಿಯುವುದಿತ್ತು. ಕಡೆಯದಾಗಿ ಒಂದು ಕೆಲಸ ಬಾಕಿ. ಒಬ್ಬ ದೊಡ್ಡ ಕಲಾವಿದರ ಚಿತ್ರವನ್ನು ಅವಳು ಒಬ್ಬಳೇ ಅಚ್ಚು ಹಾಕಬೇಕು. ಮೂವತ್ತೇ ಪ್ರತಿ. ಕಲಾವಿದರು ಒಪ್ಪಿ ಸಹಿ ಹಾಕಿದರೆ ಅವಳ ಕೆಲಸ ಕಾಯಂ, ಜೊತೆಗೆ ಅವಳದೇ ಸ್ವಂತ ಮುದ್ರೆ. ಅವಳು ಅಚ್ಚು ಹಾಕಿದ ಪ್ರತಿ ಹಾಳೆಯ ಮೂಲೆಯಲ್ಲೂ ಆ ಮುದ್ರೆಯನ್ನು ಉಬ್ಬಿಸಿ ಒತ್ತುತ್ತಾರೆ. ಒಪ್ಪದಿದ್ದರೆ ಗಂಟುಮೂಟೆ ಕಟ್ಟಬೇಕು.

ಅಜ್ಜಿ ಕಲಾವಿದರನ್ನು ಕೇಳದೆ ತಾನೇ ತೀರ್ಮಾನ ಮಾಡಿಬಿಟ್ಟಿತ್ತು. ನಮ್ಮಪ್ಪನಿಗೆ ಹೇಳಿ, ಹೋಗುವುದಕ್ಕೆ ಎರಡು ಟಿಕೆಟ್ಟು, ಬರುವುದಕ್ಕೆ ಮೂರು ಟಿಕೆಟ್ಟು ಮಾಡಿಸಿತು. "ಜಡೆ ಇಡ್ಕಂಡು ಕರ್ಕಬತ್ತೀನಿ" ಎಂದಿತು. ಅಪ್ಪ ವಾದ ಮಾಡಲಿಲ್ಲ. ನಮ್ಮನೆಯಲ್ಲಿ ಅಜ್ಜಿಯ ಜೊತೆ ವಾದ ಮಾಡಿದವರು ಇನ್ನೂ ಹುಟ್ಟಿಲ್ಲ. ಹುಟ್ಟಿದವರು ಗೆಜ್ಜಲಗೆರೆ ಫ್ಯಾಕ್ಟರಿಯಲ್ಲಿ ಎರಡು ಶಿಫ್ಟು ಕೇಳಿ ಹಾಕಿಸಿಕೊಂಡಿದ್ದಾರೆ.

ನಾನು ದುಭಾಷಿ. ಮಳವಳ್ಳಿಯಲ್ಲಿ ಮೊದಲ ಪಿಯುಸಿ, ಇಂಗ್ಲಿಷ್ ಚರ್ಚಾಸ್ಪರ್ಧೆಯಲ್ಲಿ ಮೊದಲ ಬಹುಮಾನ. ಎದುರಾಳಿಗೆ ಅವತ್ತು ಜ್ವರ ಬಂದಿತ್ತು ಎನ್ನುವವರು ಹೊಟ್ಟೆಕಿಚ್ಚಿನವರು.

ಇನ್ನು ಅಜ್ಜಿಯ ಹೆಬ್ಬೆಟ್ಟಿನ ವಿಷಯ ಹೇಳದೆ ವಿಮಾನ ಹತ್ತಿಸುವಂತಿಲ್ಲ. ಅಜ್ಜಿ ನಡುವಯಸ್ಸಿನಲ್ಲಿ ಅಕ್ಷರ ಕಲಿತದ್ದು. ಆವತ್ತಿನಿಂದ ಹೆಬ್ಬೆಟ್ಟು ಒತ್ತುವುದೆಂದರೆ ಅದಕ್ಕೆ ಅವಮಾನ. ಸಹಿ ಹಾಕಲೆಂದೇ ಎಲೆಅಡಿಕೆ ಚೀಲದಲ್ಲಿ ಒಂದು ನೀಲಿ ಬಾಲ್‌ಪೆನ್ನು ಇಟ್ಟುಕೊಂಡಿರುತ್ತದೆ. ಆದರೆ ರೇಷನ್ ಅಂಗಡಿಯ ಮಿಷನ್ನಿಗೆ ಬೇಕಾದದ್ದು ಹೆಬ್ಬೆಟ್ಟೇ. ಆ ಹೆಬ್ಬೆಟ್ಟೋ, ಕಬ್ಬು ಕಡಿದು, ಬೂದಿಯಲ್ಲಿ ಪಾತ್ರೆ ತಿಕ್ಕಿ, ಗೆರೆಯೆಲ್ಲ ಸವೆದು ಹೋಗಿದೆ. ಮಿಷನ್ನು ಪ್ರತಿ ತಿಂಗಳೂ ಕೀಂ ಎನ್ನುತ್ತದೆ.

"ಇನ್ನೊಂದ್ ಕಿತ ಒತ್ತಜ್ಜಿ, ಮೂಡ್ತಿಲ್ಲ" ಎನ್ನುತ್ತಾನೆ ಅಂಗಡಿಯವನು.

"ಸೈನ್ ಆಕ್ತೀನಿ ಅಂದ್ರೆ ಬ್ಯಾಡ ಅಂತೀಯ, ಎಬ್ಬೆಟ್ಟು ಕೊಟ್ರೆ ಮೂಡ್ತಿಲ್ಲ ಅಂತೀಯ. ನಾನ್ ಬದ್ಕಿವ್ನೋ ಇಲ್ವೋ ಅದ್ನಾರ ಯೋಳ್ಲಾ!"

ಮ್ಯೂನಿಕ್, ವಿಮಾನ ಇಳಿದ ಮೇಲೆ

ವಿಮಾನದ ಬಗ್ಗೆ ಹೇಳುವುದೇನಿಲ್ಲ. ನಾನು ಕಿಟಕಿ ಪಕ್ಕ ಕೂತಿದ್ದೆ, ಮೋಡ ನನ್ನ ಕೆಳಗಿತ್ತು, ನಾನು ಸ್ವಲ್ಪವೂ ಹೆದರಲಿಲ್ಲ. ಸೀಟಿನ ಕೈ ಮುರಿದದ್ದು ಮೊದಲೇ ಸಡಿಲ ಇದ್ದುದರಿಂದ.

ಮ್ಯೂನಿಕ್ಕಿನಲ್ಲಿ ಗಾಜಿನ ಗೂಡಿನೊಳಗೆ ಕೂತಿದ್ದ ಅಧಿಕಾರಿ ಎಷ್ಟು ಎತ್ತರವೆಂದರೆ, ಕೂತಲ್ಲೇ ಎಳನೀರು ಕೀಳಬಹುದಿತ್ತು. ಅಜ್ಜಿಗೆ ಬೆರಳು ಇಡಲು ಹೇಳಿದ. ಹಸಿರು ದೀಪ ಬರಲಿಲ್ಲ. ಮತ್ತೆ ಇಡಲು ಹೇಳಿದ. ಅಜ್ಜಿ ನನ್ನ ಕಡೆ ತಿರುಗಿತು.

"ಇಲ್ಲೂ ರೇಸನ್ ಅಂಗಡಿನಾ ಅಮ್ಮಿ?"

"ಸುಮ್ನೆ ಇಡಜ್ಜಿ."

"ನಂಗೆ ಸೈನ್ ಬತ್ತದೆ ಅಂತ ಯೋಳು. ಪೆನ್ನೂ ಅದೆ ಅಂತ ಯೋಳು."

ನಾನು ಹೇಳಿದೆ. ದುಭಾಷಿಯಾದವಳು ಬರೀ ಇದ್ದದ್ದನ್ನು ಹೇಳಿದರೆ ಏನು ಚೆಂದ? ಈಕೆ ನಮ್ಮ ಸೀಮೆಯ ಅತಿ ದೊಡ್ಡ ರೈತ ಮಹಿಳೆ, ಈಕೆಯ ಬೆರಳಿನ ಗೆರೆಗಳನ್ನು ಕಬ್ಬಿನ ಗದ್ದೆ ತಿಂದುಹಾಕಿದೆ, ಆ ಸಕ್ಕರೆಯನ್ನು ನೀವೂ ಕಾಫಿಗೆ ಹಾಕಿಕೊಂಡಿರಬಹುದು ಎಂದೆ. ಅಧಿಕಾರಿ ನನ್ನನ್ನು ನೋಡಿದ, ಅಜ್ಜಿಯನ್ನು ನೋಡಿದ. ಒಂದು ಒದ್ದೆ ಕಾಗದ ತೆಗೆದು ಕೊಟ್ಟು, ಬೆರಳು ಒರೆಸಿಕೊಳ್ಳಲು ಸನ್ನೆ ಮಾಡಿದ. ಅಜ್ಜಿ ಕೈಯನ್ನೇ ಅವನ ಮುಂದೆ ಚಾಚಿತು. ಪಾಪ, ಅವನೇ ಒರೆಸಿದ. ಆದರೂ ಮೂಡಲಿಲ್ಲ. ಕಡೆಗೆ ಮುಖವನ್ನು ಪಾಸ್‌ಪೋರ್ಟಿಗೆ ಹೋಲಿಸಿ ನೋಡಿ, ಠಪ್ ಎಂದು ಮುದ್ರೆ ಒತ್ತಿ ಬಿಟ್ಟ.

"ನಮ್ ರೇಸನ್ ಅಂಗಡಿಯೋನ್ಗಿಂತ ವಾಸಿ ಬುಡು" ಎಂದಿತು ಅಜ್ಜಿ. "ಒರ್ಸಾದ್ರೂ ನೋಡ್ದ."

ಚಿಕ್ಕಮ್ಮ ಹೊರಗೆ ಕಾಯುತ್ತಿದ್ದಳು. ತೋಳುಗಳು ಗಟ್ಟಿಯಾಗಿ ಕುಸ್ತಿಯವರ ಹಾಗಾಗಿದ್ದವು, ಉಗುರಿನ ಸುತ್ತ ಕರಿ. ಅಜ್ಜಿ ಅವಳನ್ನು ತಬ್ಬಿಕೊಳ್ಳುವ ಮೊದಲು ಜಡೆ ಇದೆಯೋ ಇಲ್ಲವೋ ನೋಡಿತು. ಇರಲಿಲ್ಲ. ಕತ್ತಿನವರೆಗೆ ಕತ್ತರಿಸಿದ್ದಳು. "ಇನ್ನ್ ಏನ್ ಇಡ್ಕಂಡ್ ಕರ್ಕೊಂಡೋಗ್ಲಿ?" ಎಂದು ನನ್ನ ಕಿವಿಯಲ್ಲಿ ಹೇಳಿತು, ನಿಜವಾದ ಚಿಂತೆಯಿಂದ.

ಮನೆಗೆ ಹೋಗಿ ಸೂಟ್‌ಕೇಸು ತೆಗೆದಾಗ ಮೊದಲ ಅನಾಹುತ. ಅಜ್ಜಿ ಮನೆಯಲ್ಲೇ ಕಾಡಿಗೆ ಮಾಡುತ್ತದೆ. ದೀಪದ ಮಸಿ ಹಿಡಿದು, ಹರಳೆಣ್ಣೆಯಲ್ಲಿ ಕಲೆಸಿ, ಡಬ್ಬಿಗೆ ತುಂಬುತ್ತದೆ. ಹೊಸದು, ಚೆಂದದ್ದು, ನಾಲ್ಕು ಜನ ಕಣ್ಣು ಹಾಕುವಂಥದ್ದು ಏನು ಕಂಡರೂ ಅದರಲ್ಲಿ ಒಂದು ದೃಷ್ಟಿಬೊಟ್ಟು ಇಡುತ್ತದೆ. ಕರುವಿಗೆ, ಮಗುವಿಗೆ, ಮಾವನ ಹೊಸ ಬೈಕಿಗೆ, ನಮ್ಮನೆ ಫ್ರಿಜ್ಜಿಗೆ. ಆ ಡಬ್ಬಿ ದಾರಿಯಲ್ಲಿ ಬಾಯಿ ಬಿಟ್ಟಿತ್ತು. ಇದ್ದಷ್ಟು ಕಾಡಿಗೆಯೂ ಫೋಟೋಗೆಂದೇ ತಂದಿದ್ದ ನನ್ನ ಬಿಳಿ ಟಾಪಿಗೆ ಬಳಿದುಹೋಗಿತ್ತು. ನಾನು ಅತ್ತೆ. ಅಜ್ಜಿಯೂ ಅತ್ತಿತು, ಕಾಡಿಗೆಗಾಗಿ.

"ಇನ್ನ್ ಯಾತ್ರಲ್ಲಿ ಬೊಟ್ಟಿಕ್ಲಿ?"

"ನಿನ್ನ ಮೊಮ್ಮಗಳಿಗೆ ಇಟ್ಟಾಗಿದೆಯಲ್ಲ, ಕುತ್ತಿಗೆಯಿಂದ ಸೊಂಟದವರೆಗೆ" ಎಂದಳು ಚಿಕ್ಕಮ್ಮ. ಫೋಟೋ ತೆಗೆಯಲು ಫೋನಿಗೆ ಬೆರಳಿಟ್ಟಳು. ತೆರೆಯಲಿಲ್ಲ. ಮತ್ತೆ ಇಟ್ಟಳು. ಆಮೇಲೆ ನಂಬರು ಒತ್ತಿ ತೆರೆದಳು. "ಇದೊಂದು ದರಿದ್ರ ಫೋನು" ಎಂದಳು.

ಊರೊಳಗೆ

ಇಲ್ಲಿನ ಜನ ರಸ್ತೆ ದಾಟುವುದನ್ನು ನೋಡಬೇಕು. ಕೆಂಪು ದೀಪ ಇದ್ದರೆ ನಿಲ್ಲುತ್ತಾರೆ. ರಸ್ತೆಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಒಂದು ಸೈಕಲ್ಲೂ ಇಲ್ಲ, ಆದರೂ ನಿಲ್ಲುತ್ತಾರೆ. ಮದ್ದೂರಿನ ಹೆದ್ದಾರಿಯಲ್ಲಿ ಒಂದು ಕೈಯಲ್ಲಿ ವಡೆ ಪೊಟ್ಟಣ, ಇನ್ನೊಂದು ಕೈಯಲ್ಲಿ ತಮ್ಮನನ್ನು ಹಿಡಿದು ದಾಟಿ ಬೆಳೆದವಳು ನಾನು. ಆ ಖಾಲಿ ರಸ್ತೆಯ ಮುಂದೆ ನಿಂತಾಗ ಕಾಲಿಗೆ ಜೋಮು ಹಿಡಿಯಿತು. ಅಜ್ಜಿ ನಿಲ್ಲಲಿಲ್ಲ. ಸೆರಗು ಸಿಕ್ಕಿಸಿ ನಡೆದೇಬಿಟ್ಟಿತು. ಹಿಂದೆ ಇಡೀ ಜರ್ಮನಿ ಉಸಿರು ಬಿಗಿಹಿಡಿಯಿತು. ಆ ಕಡೆ ಹೋಗಿ ನಿಂತು, "ಯಾಕಮ್ಮಿ, ಯಾರ್ಗ್ ಕಾಯ್ತಾ ಇವ್ರೆ?" ಎಂದು ಕೂಗಿತು.

ಟ್ರಾಮಿನಲ್ಲಿ ಯಾರೂ ಮಾತಾಡುವುದಿಲ್ಲ. ನಾಯಿ ಕೂಡ ಸೀಟಿನ ಕೆಳಗೆ ಪರೀಕ್ಷೆ ಬರೆಯುವವರ ಹಾಗೆ ಕೂತಿರುತ್ತದೆ. ಅಂಥ ಮೌನದಲ್ಲಿ ಅಜ್ಜಿ ದುದ್ದ ಎಂಬ ಊರಿನಲ್ಲಿರುವ ತನ್ನ ತಂಗಿಗೆ ಫೋನು ಹಚ್ಚಿ, ರಾಗಿ ಬಂತಾ, ಎಮ್ಮೆ ಈಯ್ತಾ, ಸೊಸೆ ವಾಪಸ್ ಬಂದಳಾ ಎಂದು ವಿಚಾರಿಸಿತು. ಎದುರಿಗಿದ್ದ ಹೆಂಗಸು ಇಳಿಯುವಾಗ ಅಜ್ಜಿಗೆ ತಲೆಬಾಗಿ ನಕ್ಕು ಹೋದಳು. ಎಮ್ಮೆ ಈದದ್ದು ಅವಳಿಗೂ ಗೊತ್ತಾಗಿರಬೇಕು.

ಕಲ್ಲು ಬರುವ ಜಾಗ

ಒಂದು ದಿನ ಚಿಕ್ಕಮ್ಮ ನಮ್ಮನ್ನು ರೈಲಿನಲ್ಲಿ ಕಲ್ಲುಗಣಿಗೆ ಕರೆದುಕೊಂಡು ಹೋದಳು. ಅಚ್ಚಿಗೆ ಬೇಕಾದ ಕಲ್ಲು ಸಿಗುವುದು ಅಲ್ಲೇ. ಕಲ್ಲು ನೋಡಲು ಜರ್ಮನಿಗೆ ಬಂದೆ ಎಂದು ಕಾಲೇಜಿನಲ್ಲಿ ಹೇಗೆ ಹೇಳುವುದು ಎಂದು ನಾನು ಮುಖ ಊದಿಸಿಕೊಂಡೇ ಹೋದೆ.

ಗಣಿಯ ಗೋಡೆ ಚಿರೋಟಿಯ ಹಾಗೆ ಪದರ ಪದರವಾಗಿತ್ತು. ಹಾಲಿಗೆ ಸ್ವಲ್ಪ ಬೆಲ್ಲ ಬಿದ್ದ ಬಣ್ಣ. ಚಿಕ್ಕಮ್ಮ ಒಂದು ಚಪ್ಪಡಿಯನ್ನು ತಿರುಗಿಸಿ ತೋರಿಸಿದಳು. ಅದರಲ್ಲಿ ಒಂದು ಮೀನು. ಯಾರೋ ಕೆತ್ತಿದ್ದಲ್ಲ, ಮೀನೇ. ಬಾಲದ ಒಂದೊಂದು ಎಳೆ, ಬೆನ್ನಿನ ಒಂದೊಂದು ಮುಳ್ಳು. ಮನುಷ್ಯರೇ ಇಲ್ಲದಿದ್ದ ಕಾಲದಲ್ಲಿ ಇಲ್ಲಿ ನೀರಿತ್ತಂತೆ. ಕೆಳಗೆ ಬಲು ನುಣುಪಾದ ಕೆಸರು. ಬಿದ್ದ ಮೀನು ಅಲುಗಾಡದೆ ಹಾಗೇ ಅಚ್ಚಾಗಿದೆ.

ನಾನು ಫೋನು ತೆಗೆದೆ. ತೆಗೆದವಳು ಫೋಟೋ ಹೊಡೆಯುವುದನ್ನೇ ಮರೆತೆ. ಇದು ನನ್ನ ಜೀವನದಲ್ಲಿ ನಡೆಯುವಂಥದ್ದಲ್ಲ.

ಅಜ್ಜಿ ಬಗ್ಗಿ ನೋಡಿ, "ನಮ್ಮ ಕೆರೆ ಏರಿ ಮ್ಯಾಲೆ ವೀರಗಲ್ಲು ಅದಲ್ಲ, ಅಂಗೆ" ಎಂದಿತು. "ಸತ್ತೋನ್ನ ಮರೀಬಾರ್ದು ಅಂತ ನಾವು ಕಲ್ಲು ನೆಟ್ವಿ. ಇಲ್ಲಿ ಕಲ್ಲೇ ಮರ್ತಿಲ್ಲ ಕಣಮ್ಮಿ."

ಅಚ್ಚಿನ ಮನೆ

ಒಳಗೆ ಕಾಲಿಟ್ಟರೆ ಸೀಮೆಎಣ್ಣೆಗೂ ದೇವಸ್ಥಾನಕ್ಕೂ ನಡುವಿನ ಒಂದು ವಾಸನೆ. ಗೋಡೆಯುದ್ದಕ್ಕೂ ಕಲ್ಲುಗಳನ್ನು ಪುಸ್ತಕದ ಹಾಗೆ ನಿಲ್ಲಿಸಿದ್ದರು. ನಡುವೆ ಕಬ್ಬಿಣದ ಯಂತ್ರ, ಅದಕ್ಕೆ ಹಡಗಿಗೆ ಇರುವಂಥ ಚಕ್ರ. ಆಲೆಮನೆಯ ಗಾಣ ನೋಡಿದ್ದ ಅಜ್ಜಿ, "ರಸ ಎಲ್ಲಿ ಬೀಳ್ತದೆ?" ಎಂದು ಕೇಳಿತು.

ಚಿಕ್ಕಮ್ಮ ಮೊದಲು ಹೇಳಿದ್ದೇ ಒಂದು ಮಾತು. "ಅವ್ವಾ, ಕಲ್ಲು ಮುಟ್ಬ್ಯಾಡ ಕಣವ್ವ. ಈ ಕಲ್ಗೆ ಜಿಡ್ಡು ಅಂದ್ರೆ ಪ್ರಾಣ."

ಕೆಲಸ ಹೇಗೆಂದರೆ, ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಲ್ಲಿ ಚಿತ್ರ ಬರೆಯುತ್ತಾರೆ. ಆಮೇಲೆ ಅಂಟಿಗೆ ಆ್ಯಸಿಡ್ಡಿನ ಹುಳಿ ಕಲೆಸಿದ ಒಂದು ರಸ ಬಳಿಯುತ್ತಾರೆ. ಅಲ್ಲಿಂದಾಚೆಗೆ ಕಲ್ಲಿಗೆ ಒಂದು ಗುಣ ಬರುತ್ತದೆ. ನೀರು ಒರೆಸಿದರೆ ಬರಿಯ ಜಾಗ ನೀರು ಕುಡಿಯುತ್ತದೆ, ಜಿಡ್ಡಿನ ಜಾಗ ಕುಡಿಯುವುದಿಲ್ಲ. ಮಸಿ ಉರುಳಿಸಿದರೆ ಜಿಡ್ಡಿನ ಜಾಗ ಮಸಿ ಹಿಡಿಯುತ್ತದೆ, ನೀರಿನ ಜಾಗ ಹಿಡಿಯುವುದಿಲ್ಲ. ಮೇಲೆ ಹಾಳೆಯಿಟ್ಟು ಚಕ್ರ ತಿರುಗಿಸಿದರೆ ಚಿತ್ರ. ಕೆತ್ತುವುದಿಲ್ಲ, ಕೊರೆಯುವುದಿಲ್ಲ. ಎಣ್ಣೆ ನೀರು ಒಂದಕ್ಕೊಂದು ಮಾತು ಬಿಟ್ಟಿವೆ, ಅಷ್ಟೇ. ಅದರ ಮೇಲೇ ಇಡೀ ಕಸುಬು ನಿಂತಿದೆ.

ಕಲಾವಿದರು ಹಿಂದಿನ ದಿನವೇ ಬಂದು ಚಿತ್ರ ಬರೆದು ಹೋಗಿದ್ದರು. ಅವರ ಹೆಸರು ಬರೆಯಬಾರದೆಂದು ಚಿಕ್ಕಮ್ಮನ ಆಜ್ಞೆ. ಬೇಸಿಗೆಯಲ್ಲೂ ಕರಿ ಕೋಟು ಹಾಕುತ್ತಾರೆಂದು ಕೇಳಿ ಅಜ್ಜಿ ಇಟ್ಟ ಹೆಸರು ಕೋಟಪ್ಪ, ಅದೇ ಇರಲಿ. ಕೋಟಪ್ಪನವರು ಬೈಯುವುದಿಲ್ಲವಂತೆ. ಕೆಲಸ ಒಪ್ಪದಿದ್ದರೆ ಸುಮ್ಮನೆ ಕೋಟಿನ ಗುಂಡಿ ಹಾಕಿಕೊಂಡು ಹೊರಟುಬಿಡುತ್ತಾರಂತೆ. ಹಿಂದಿನ ಇಬ್ಬರು ಅಚ್ಚಿನವರು ಆ ಗುಂಡಿ ನೋಡಿಯೇ ಕೆಲಸ ಕಳೆದುಕೊಂಡದ್ದು.

ಚಿತ್ರವೋ? ಅದು ಏನೂ ಅಲ್ಲ. ಮರವಲ್ಲ, ಮನುಷ್ಯನಲ್ಲ. ಎಡಗಡೆ ಒಂದು ದೊಡ್ಡ ಕಪ್ಪು, ಓರೆಯಾಗಿ ವಾಲಿಕೊಂಡಿದೆ. ಅದರಿಂದ ಒಂದು ಬೂದು ಗೆರೆ ಹೊರಟು, ನಡುಗಿ, ನಿಂತುಹೋಗಿದೆ. ಉಳಿದದ್ದೆಲ್ಲ ಖಾಲಿ. ಮಲಗಿದ ಎಮ್ಮೆ ಬಾಲ ಮರೆತಂತಿದೆ ಎಂದು ನಾನು ಜೋಕು ಮಾಡಿದೆ. ಯಾರೂ ನಗಲಿಲ್ಲ. ಅಚ್ಚಿನ ಮನೆಯ ಯಜಮಾನಿ ಹೆಲ್ಗಾ, ಕೆಲಸದವರು, ಪಕ್ಕದ ಅಂಗಡಿಯವರು, ಎಲ್ಲರೂ ಬಂದು ಬಂದು ಆ ಕಲ್ಲನ್ನು ನೋಡಿ, ಉಸಿರು ಬಿಟ್ಟು ಹೋಗುತ್ತಿದ್ದರು.

ಅಜ್ಜಿ ಮೂಲೆಯ ಸ್ಟೂಲಿನಲ್ಲಿ ಕೂತು ಇದನ್ನೆಲ್ಲ ನೋಡುತ್ತಿತ್ತು.

ಮರುದಿನ

ಮೊದಲ ಪ್ರತಿ ತೆಗೆಯುವ ದಿನ. ಕೋಟಪ್ಪ ಮಧ್ಯಾಹ್ನ ಬರುವವರಿದ್ದರು. ಚಿಕ್ಕಮ್ಮ ಬೆಳಿಗ್ಗೆಯಿಂದ ತಿಂದಿರಲಿಲ್ಲ. ಕಲ್ಲಿಗೆ ನೀರು ಒರೆಸಿದಳು, ಮಸಿ ಉರುಳಿಸಿದಳು, ಮತ್ತೆ ನೀರು, ಮತ್ತೆ ಮಸಿ. ಕಪ್ಪು ನಿಧಾನವಾಗಿ ಎದ್ದು ಬಂತು. ಆಮೇಲೆ ಬಲಗಡೆ ಕೆಳಗೆ, ಏನೂ ಇರಬಾರದ ಖಾಲಿ ಜಾಗದಲ್ಲಿ, ಇನ್ನೊಂದು ಏನೋ ಎದ್ದು ಬಂತು.

ಚಿಕ್ಕಮ್ಮ ಹಾಳೆಯಿಟ್ಟಳು, ಚಕ್ರ ತಿರುಗಿಸಿದಳು, ಹಾಳೆ ಎತ್ತಿದಳು.

ಹೆಬ್ಬೆಟ್ಟು.

ಚಿಕ್ಕಮ್ಮ, ಅಜ್ಜಿ, ನಾನು, ಮೂರು ಜನವೂ ಬಗ್ಗಿದೆವು. ಒಂದೊಂದು ಗೆರೆ ಕಾಣುತ್ತಿತ್ತು. ಅರ್ಧ ಸವೆದ ಗೆರೆಗಳು, ಕೊಯ್ಲಾದ ಗದ್ದೆಯ ಸಾಲಿನ ಹಾಗೆ. ನಡುವೆ ಅಡ್ಡಕ್ಕೆ ಒಂದು ಬಿಳಿ ಸೀಳು. ಆ ಸೀಳು ನನಗೆ ಗೊತ್ತಿತ್ತು. ಕಬ್ಬು ಕಡಿಯುವಾಗ ಮಚ್ಚು ತಾಗಿದ್ದು.

"ಅವ್ವಾ" ಎಂದಳು ಚಿಕ್ಕಮ್ಮ, ತೀರಾ ಮೆತ್ತಗೆ. "ಕಲ್ಲು ಮುಟ್ಟಿದ್ಯಾ?"

"ಮುಟ್ನಿಲ್ಲ. ಬೊಟ್ಟಿಕ್ದೆ." ಅಜ್ಜಿಗೆ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ. "ನಿನ್ನೆ ನೀನು ಅಂಟು ಕಲಸಾಕೆ ಓದಾಗ. ಅಷ್ಟ್ ಜನ ಕಣ್ ಬುಟ್ರು, ನಿನ್ ಕೆಲ್ಸಕ್ಕೆ ದೃಷ್ಟಿ ಆಗ್ಬುಟ್ರೆ? ಕಾಡಿಗೆ ಈ ಅಮ್ಮಿ ಅಂಗಿಗೆ ಆಗೋಯ್ತು. ಅದ್ಕೆ ತಲೆಲಿರೋ ಎಣ್ಣೆನೆ ಬೆಟ್ಟಿಗೆ ತಗಂಡು ಒತ್ದೆ. ಕಾಣಾಕಿಲ್ಲ, ಆದ್ರೂ ದೃಷ್ಟಿಗ್ ಗೊತ್ತಾಯ್ತದೆ ಅಂದ್ಕಂಡೆ."

"ಕಲ್ಲಿಗೂ ಗೊತ್ತಾಯ್ತು ಕಣವ್ವ" ಎಂದು ಚಿಕ್ಕಮ್ಮ ಸ್ಟೂಲಿನ ಮೇಲೆ ಕುಸಿದು ಕೂತಳು.

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಚಿಕ್ಕಮ್ಮನ ಕೆಲಸ ಹೋಯಿತು. ಆದರೂ ಕಣ್ಣು ಆ ಹಾಳೆಯಿಂದ ಕೀಳಲಾಗುತ್ತಿಲ್ಲ. ರೇಷನ್ ಅಂಗಡಿಯ ಮಿಷನ್ನಿಗೆ ಕಾಣದ್ದು, ಈ ದೇಶದ ಗಾಜಿನ ಗೂಡಿನ ಯಂತ್ರಕ್ಕೆ ಒರೆಸಿ ನೋಡಿದರೂ ಕಾಣದ್ದು, ಈ ಕಲ್ಲಿಗೆ ಕಂಡಿತ್ತು. ಒಂದು ತೊಟ್ಟು ತಲೆಎಣ್ಣೆಯಲ್ಲಿ ಅಜ್ಜಿಯ ಅಷ್ಟೂ ವರ್ಷದ ದುಡಿಮೆಯನ್ನು ಅದು ಮೀನಿನ ಮುಳ್ಳಿನ ಹಾಗೆ ಹಿಡಿದಿಟ್ಟುಕೊಂಡಿತ್ತು.

ಅಷ್ಟರಲ್ಲಿ ಬಾಗಿಲಿನ ಗಂಟೆ ಸದ್ದಾಯಿತು.

ಕೋಟಪ್ಪ

ಕೋಟಪ್ಪ ಬಂದರು, ಹಿಂದೆಯೇ ಹೆಲ್ಗಾ. ಕೋಟಿನ ಗುಂಡಿಗಳು ಬಿಚ್ಚಿದ್ದವು. ನಾನು ಮೊದಲು ನೋಡಿದ್ದೇ ಅದನ್ನು.

ಚಿಕ್ಕಮ್ಮ ಹಾಳೆಯನ್ನು ಬಚ್ಚಿಡಬಹುದಿತ್ತು. ಬಚ್ಚಿಡಲಿಲ್ಲ, ಮೇಜಿನ ಮೇಲೆ ಹಾಸಿದಳು. ಅವರು ನೋಡಿದರು. ನೋಡುತ್ತಲೇ ಇದ್ದರು. ನಮ್ಮೂರಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಮೂರು ಸಲ ಕರೆಂಟು ಹೋಗಿ ಬಂದಿರುತ್ತಿತ್ತು. ಅವರ ಬಲಗೈ ಮೇಲೆದ್ದಿತು. ಕೋಟಿನ ಮೊದಲ ಗುಂಡಿಯನ್ನು ಹಿಡಿಯಿತು. ಹೆಲ್ಗಾ ಕಣ್ಣು ಮುಚ್ಚಿದಳು.

ಗುಂಡಿ ಹಿಡಿದುಕೊಂಡೇ ಕೋಟಪ್ಪ ಇಂಗ್ಲಿಷಿನಲ್ಲಿ ಕೇಳಿದರು, "ಇದು ಯಾರದು?"

"ತಪ್ಪು ನನ್ನದು" ಎಂದಳು ಚಿಕ್ಕಮ್ಮ.

"ನಾನು ಕೇಳಿದ್ದು ತಪ್ಪು ಯಾರದು ಅಂತ ಅಲ್ಲ. ಬೆರಳು ಯಾರದು?"

"ಏನಂತೆ ಅಮ್ಮಿ?" ಎಂದಿತು ಅಜ್ಜಿ.

"ಬೆಟ್ಟು ಯಾರ್ದು ಅಂತ ಕೇಳ್ತವ್ರೆ."

ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದು ಹೋಗಿ, ಹೆಬ್ಬೆಟ್ಟನ್ನು ಅವರ ಮೂಗಿನ ಕೆಳಗೆ ಹಿಡಿಯಿತು. "ನಂದು. ಪುಟ್ಟತಾಯಮ್ಮ. ಹಲಗೂರು."

ಇದನ್ನು ನಾನು ಹೀಗೆ ಇಂಗ್ಲಿಷ್ ಮಾಡಿದೆ: ಇದು ಎರಡು ಸರ್ಕಾರಗಳ ಯಂತ್ರಗಳನ್ನು ಸೋಲಿಸಿದ ಹೆಬ್ಬೆಟ್ಟು, ಇದರ ಒಡತಿ ಶ್ರೀಮತಿ ಪುಟ್ಟತಾಯಮ್ಮನವರು, ಸ್ವತಃ ನಿಮ್ಮೆದುರು ನಿಂತಿದ್ದಾರೆ. ಚಿಕ್ಕಮ್ಮ ನನ್ನ ಕಾಲು ತುಳಿದಳು.

"ಯಾಕೆ ಇಟ್ಟರು?"

ದೃಷ್ಟಿಬೊಟ್ಟಿನ ವಿಷಯ ಹೇಳಿದೆ. ತೀರಾ ಚೆಂದದ್ದಕ್ಕೆ ನಮ್ಮಲ್ಲಿ ಒಂದು ಕರಿ ಬೊಟ್ಟು ಇಡುತ್ತಾರೆ, ನೋಡುವವರ ಕಣ್ಣು ಮೊದಲು ಬೊಟ್ಟಿನ ಮೇಲೆ ಬೀಳಲಿ ಅಂತ. ಕೋಟಪ್ಪ ತಲೆದೂಗಿದರು. ಗುಂಡಿ ಬಿಟ್ಟರು.

"ಬೊಟ್ಟು ತನ್ನ ಕೆಲಸ ಮಾಡಿದೆ. ನನ್ನ ಕಣ್ಣೂ ಮೊದಲು ಅಲ್ಲೇ ಬಿತ್ತು. ಇದು ಇದ್ದರೆ ನನ್ನ ಚಿತ್ರವನ್ನು ಯಾರೂ ನೋಡುವುದಿಲ್ಲ. ತೆಗೆಯಿರಿ." ಕಪ್ಪಿನ ಕಡೆ ಕೈ ತೋರಿಸಿ, "ಚಿತ್ರ ನನ್ನದು. ಬೆರಳು ನನ್ನದಲ್ಲ. ನನ್ನದಲ್ಲದ್ದಕ್ಕೆ ನಾನು ಸಹಿ ಹಾಕುವುದಿಲ್ಲ" ಎಂದರು.

ಅಜ್ಜಿ ಬೇಜಾರು ಮಾಡಿಕೊಳ್ಳುತ್ತದೆ ಎಂದುಕೊಂಡು ಮೆಲ್ಲಗೆ ಹೇಳಿದೆ. ಅಜ್ಜಿಯ ಮುಖ ಅರಳಿತು. "ಸರ್ಯಾಗಿ ಅಂದ ಕಣಮ್ಮಿ! ಕಂಡ್ ಕಂಡಿದ್ಕೆಲ್ಲ ಸೈನ್ ಆಕ್ಬಾರ್ದು. ನಾನೂ ಆಕಾಕಿಲ್ಲ."

ಆಮೇಲೆ ನಾನು ನೋಡಿದ್ದನ್ನು ಹಿಗ್ಗಿಸಿ ಹೇಳುವ ಅಗತ್ಯವಿಲ್ಲ, ಇದ್ದದ್ದೇ ದೊಡ್ಡದಾಗಿತ್ತು. ಚಿಕ್ಕಮ್ಮ ಪೆನ್ಸಿಲಿನಷ್ಟು ಸಣ್ಣ ಕಲ್ಲಿನ ಕಡ್ಡಿ ತೆಗೆದುಕೊಂಡು ಆ ಹೆಬ್ಬೆಟ್ಟನ್ನು ಗೆರೆ ಗೆರೆಯಾಗಿ ಉಜ್ಜಿ ತೆಗೆಯಲು ಕೂತಳು. ಜಾಸ್ತಿ ಉಜ್ಜಿದರೆ ಗುಳಿ ಬೀಳುತ್ತದೆ, ಕಡಿಮೆ ಉಜ್ಜಿದರೆ ನೆರಳು ಉಳಿಯುತ್ತದೆ. ಕೋಟಪ್ಪ ಹಿಂದೆಯೇ ನಿಂತಿದ್ದರು. ಅಜ್ಜಿ ಬಾಯಿ ಮುಚ್ಚಿಕೊಂಡು ಕೂತಿತ್ತು, ಅದೇ ಪ್ರಪಂಚದ ಎಂಟನೇ ಅದ್ಭುತ. ಉಜ್ಜಿ, ಕುಂಚದ ತುದಿಯಲ್ಲಿ ಹುಳಿ ಮುಟ್ಟಿಸಿ, ತೊಳೆದು, ಮತ್ತೆ ಮಸಿ ಉರುಳಿಸಿ, ಮತ್ತೆ ಹಾಳೆ.

ಎತ್ತಿದಳು. ಖಾಲಿ ಜಾಗ ಖಾಲಿಯಾಗಿತ್ತು.

ಆಗಲೇ ನಾನು ಆ ಚಿತ್ರವನ್ನು ಮೊದಲ ಸಲ ನೋಡಿದ್ದು. ಬೊಟ್ಟಿಲ್ಲದ ಮೇಲೆ ಕಣ್ಣಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಆ ಕಪ್ಪು ಬರೀ ಕಪ್ಪಲ್ಲ, ಒಳಗೆಲ್ಲ ಸಣ್ಣ ಸಣ್ಣ ಬೆಳಕಿನ ಕಾಳು. ಆ ಬೂದು ಗೆರೆ ಹೊರಟು, ನಡುಗಿ, ನಿಂತ ಜಾಗದಲ್ಲಿ ನನ್ನ ಉಸಿರೂ ನಿಂತಿತು. ಏನದು ಎಂದು ಕೇಳಬೇಡಿ. ಶಿಂಷಾದ ಜಲಪಾತದಲ್ಲಿ ನೀರು ಬೀಳುವ ಜಾಗದ ಅಂಚಿನಲ್ಲಿ ನಿಂತಾಗ ಹೊಟ್ಟೆಯೊಳಗೆ ಏನೋ ಒಂದು ಆಗುತ್ತದಲ್ಲ, ಅದು. ಎಮ್ಮೆಯ ಜೋಕನ್ನು ನಾನು ವಾಪಸ್ ತೆಗೆದುಕೊಂಡಿದ್ದೇನೆ.

ಕೋಟಪ್ಪ ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ಪೆನ್ಸಿಲ್ ಕೇಳಿದರು. ಆ ಹಾಳೆಯ ಕೆಳಗೆ, ಇದರಂತೆಯೇ ಅಚ್ಚು ಹಾಕಬಹುದು ಎಂದು ಬರೆದು ಸಹಿ ಹಾಕಿದರು. ಚಿಕ್ಕಮ್ಮ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಬಹಳ ಹೊತ್ತು ತೊಳೆದಳು.

ಸಹಿ

ಮೂವತ್ತೂ ಪ್ರತಿ ಆದ ಮೇಲೆ ಕೋಟಪ್ಪ ಮತ್ತೆ ಬಂದು ಒಂದೊಂದಕ್ಕೂ ಎಡಕ್ಕೆ ನಂಬರು, ಬಲಕ್ಕೆ ಸಹಿ ಹಾಕಿದರು. ಹೆಲ್ಗಾ ಒಂದೊಂದರ ಮೂಲೆಗೂ ಚಿಕ್ಕಮ್ಮನ ಹೊಸ ಮುದ್ರೆ ಒತ್ತಿದಳು. ಬಣ್ಣವಿಲ್ಲದ, ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ಒಂದು ಪುಟ್ಟ ಕಬ್ಬಿನ ಗಿಣ್ಣು.

ಉಳಿದದ್ದು ಹೆಬ್ಬೆಟ್ಟಿನ ಹಾಳೆ. ಹರಿದುಹಾಕುತ್ತಾರೆ ಎಂದುಕೊಂಡಿದ್ದೆ. ಕೋಟಪ್ಪ ಅದರ ಎಡಕ್ಕೆ "ಒಂದರಲ್ಲಿ ಒಂದು" ಎಂದು ನಂಬರು ಹಾಕಿ, ಕಪ್ಪಿನ ಕೆಳಗೆ ತಮ್ಮ ಸಹಿ ಹಾಕಿ, ಪೆನ್ಸಿಲನ್ನು ಅಜ್ಜಿಯ ಕಡೆ ಚಾಚಿದರು.

"ನನ್ನ ಭಾಗಕ್ಕೆ ನಾನು ಹಾಕಿದೆ. ಅವರ ಭಾಗಕ್ಕೆ ಅವರು ಹಾಕಲಿ."

ಅಜ್ಜಿ ಪೆನ್ಸಿಲ್ ನೋಡಿತು. "ಇದು ಅಳ್ಸೋಯ್ತದೆ. ಬ್ಯಾಂಕ್ನಲ್ಲಿ ನಡೆಯಾಕಿಲ್ಲ" ಎಂದು ಎಲೆಅಡಿಕೆ ಚೀಲದಿಂದ ನೀಲಿ ಬಾಲ್‌ಪೆನ್ನು ತೆಗೆಯಿತು. ಹೆಲ್ಗಾ ಎದೆ ಹಿಡಿದುಕೊಂಡಳು. ಆ ಹಾಳೆಯ ಮೇಲೆ ಬಾಲ್‌ಪೆನ್ನು ಎಂದರೆ ರೇಷ್ಮೆ ಸೀರೆಯಲ್ಲಿ ನೆಲ ಒರೆಸಿದ ಹಾಗಂತೆ. ಅಷ್ಟರಲ್ಲಿ ಅಜ್ಜಿ ನಾಲಿಗೆ ಕಚ್ಚಿ, ಪು ಬರೆದು, ಟ ಬರೆದು, ಕೆಳಗೆ ಒತ್ತು ಕೊಟ್ಟು, ಒಂದೊಂದೇ ಅಕ್ಷರ ಉತ್ತು, ಪುಟ್ಟತಾಯಮ್ಮ ಎಂದು ಮುಗಿಸಿಬಿಟ್ಟಿತ್ತು. ಹೆಬ್ಬೆಟ್ಟಿನ ಕೆಳಗೇ.

ಕೋಟಪ್ಪ ನಕ್ಕರು. ಅಚ್ಚಿನ ಮನೆಯವರು ಆ ನಗುವನ್ನು ಮೊದಲ ಸಲ ಕೇಳಿದ್ದಂತೆ. ಎಣ್ಣೆ ಕಾಣದ ಬಾಗಿಲಿನ ಸದ್ದು.

ಕಡೆಯ ಕೆಲಸ ಕಲ್ಲನ್ನು ಅಳಿಸುವುದು. ಮೂವತ್ತು ಎಂದರೆ ಮೂವತ್ತು, ಮೂವತ್ತೊಂದನೆಯದು ಎಂದೂ ಆಗಬಾರದು. ಅಜ್ಜಿಗೆ ಮೊದಲು ನಂಬಿಕೆಯೇ ಬರಲಿಲ್ಲ. "ಕಲ್ಲ ಮ್ಯಾಲೆ ಬರ್ದಿದ್ದ ಅಳಿಸ್ತಾರಾ? ಯಾಕವ್ವ?"

"ಇನ್ನೊಬ್ರು ಬರೀಬೇಕಲ್ಲವ್ವ" ಎಂದಳು ಚಿಕ್ಕಮ್ಮ.

ಕಲ್ಲಿಗೆ ನೀರು, ಮರಳು ಹಾಕಿ, ಮೇಲೆ ಇನ್ನೊಂದು ಕಲ್ಲಿಟ್ಟು, ಸುತ್ತಿ ಸುತ್ತಿ ಉಜ್ಜುವುದು. ಅಜ್ಜಿ ಸೆರಗು ಸಿಕ್ಕಿಸಿ ಎದುರು ನಿಂತಿತು. ತಾಯಿ ಮಗಳು ಇಬ್ಬರೂ ಆ ಕಡೆ ಈ ಕಡೆ ಹಿಡಿದು ತಿರುಗಿಸಿದರು, ಹಬ್ಬದ ಮುಂಚೆ ಉದ್ದು ರುಬ್ಬುವ ಹಾಗೆ. ಕಪ್ಪು ಬೂದುಬಣ್ಣವಾಯಿತು, ಬೂದು ಹಾಲಿನ ಬಣ್ಣವಾಯಿತು. ನಡುವೆ ಅಜ್ಜಿ ತಟ್ಟನೆ ನಿಲ್ಲಿಸಿ, ಮಗಳ ಕೈ ಹಿಡಿದು, ಬೆರಳು ತಿರುಗಿಸಿ ನೋಡಿತು. ಮರಳಿನಲ್ಲಿ ಸವೆದು ಹೆಬ್ಬೆಟ್ಟು ನುಣ್ಣಗಾಗಿತ್ತು. ಗೆರೆಗಳು ಅರ್ಧಕ್ಕರ್ಧ ಇರಲಿಲ್ಲ. ಆ ದರಿದ್ರ ಫೋನಿನ ತಪ್ಪೇನೂ ಇರಲಿಲ್ಲ.

ಅಜ್ಜಿ ತನ್ನ ಹೆಬ್ಬೆಟ್ಟನ್ನು ಅದರ ಪಕ್ಕ ಇಟ್ಟಿತು. ಎರಡನ್ನೂ ಬಹಳ ಹೊತ್ತು ನೋಡಿತು.

"ಗೇಯೋ ಕೈ ಕಣವ್ವ ಇದು" ಎಂದಿತು. "ನೀನು ಬರ್ಬ್ಯಾಡ. ಇಲ್ಲೇ ಇರು."

ಮತ್ತೆ ಉಜ್ಜಲು ಶುರುಮಾಡಿತು.

ವಾಪಸ್

ವಿಮಾನದಲ್ಲಿ ನಮ್ಮದು ಮೂರು ಸೀಟು. ಕಿಟಕಿಗೆ ನಾನು, ಆ ಕಡೆ ಅಜ್ಜಿ, ನಡುವೆ ಖಾಲಿ. ಅಜ್ಜಿ, ಕೋಟಪ್ಪ ಕೊಟ್ಟ ಹೆಬ್ಬೆಟ್ಟಿನ ಹಾಳೆಯಿದ್ದ ಉದ್ದನೆಯ ರಟ್ಟಿನ ಕೊಳವೆಯನ್ನು ಆ ನಡುಸೀಟಿನಲ್ಲಿ ನೆಟ್ಟಗೆ ನಿಲ್ಲಿಸಿ, ಬೆಲ್ಟು ಹಾಕಿ, ತುದಿಗೆ ತನ್ನ ಕರವಸ್ತ್ರ ಹೊದಿಸಿತು.

ಗಗನಸಖಿ ಬಂದಳು. ಇದನ್ನು ಮೇಲೆ ಇಡಬೇಕು, ಸೀಟಿನಲ್ಲಿ ಇಡುವಂತಿಲ್ಲ ಎಂದಳು. ನಾನು ಅಜ್ಜಿಗೆ ಹೇಳಿದೆ. ಅಜ್ಜಿ ಕಿಟಕಿಯಾಚೆ ನೋಡುತ್ತಿತ್ತು. ಅಲ್ಲಿ ಗಾಜಿನ ಕಟ್ಟಡ, ಅದರೊಳಗೆ ಎಲ್ಲೋ ಚಿಕ್ಕಮ್ಮ ಇನ್ನೂ ನಿಂತಿರಬಹುದು.

"ಟಿಕೆಟ್ ತಗಂಡಿವ್ನಿ ಅಂತ ಯೋಳು. ನನ್ ಮಗ್ಳು ಕುಂತವ್ಳೆ ಅಂತ ಯೋಳು."

ನಾನು ಗಂಟಲು ಸರಿಮಾಡಿಕೊಂಡೆ. ಎಷ್ಟೋ ಹೇಳಬಹುದಿತ್ತು. ಜಗತ್ತಿನ ದೊಡ್ಡ ಕಲಾವಿದರು, ಎರಡು ಸರ್ಕಾರ, ಒಂದರಲ್ಲಿ ಒಂದು. ಈ ಪ್ರವಾಸದಲ್ಲೇ ಮೊದಲ ಸಲ, ಅಜ್ಜಿ ಅಂದದ್ದಕ್ಕೆ ಒಂದು ಮಾತೂ ಸೇರಿಸದೆ ಹೇಳಿದೆ.

ಗಗನಸಖಿ ಕೊಳವೆಯನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಬಗ್ಗಿ ಬೆಲ್ಟನ್ನು ಇನ್ನಷ್ಟು ಬಿಗಿ ಮಾಡಿ, ಮುಂದಿನ ಸಾಲಿಗೆ ಹೋದಳು.